ಜನರಲ್ ತಿಮ್ಮಯ್ಯ ಅಂದ್ರೆ ಬರೀ ಆ ರಾಜೀನಾಮೆನಾ?

ಕಾಫಿತೋಟದಾಕೆ · ಭಾನುವಾರ, ಸಂಜೆ 6:40

ಎಲ್ಲರಿಗೂ ನಮಸ್ಕಾರ. ನಿನ್ನೆ ಅಪ್ಪನನ್ನು ಮಡಿಕೇರಿಯ ಸನ್ನಿಸೈಡಿಗೆ ಕರೆದುಕೊಂಡು ಹೋಗಿದ್ದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದು ಹಿಂದೆ ಭಾರತೀಯ ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ. 2021ರ ಫೆಬ್ರವರಿಯಲ್ಲಿ ಮ್ಯೂಸಿಯಂ ಆಯಿತು, ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟಿಸಿದ್ದರು. ಅದಕ್ಕೆ ಮುಂಚೆ ಅಲ್ಲಿ ಆರ್‌ಟಿಒ ಆಫೀಸ್ ಇತ್ತು. ನಾನು ಎಲ್‌ಎಲ್‌ಆರ್ ಮಾಡಿಸಿದ್ದು ಅದೇ ಮನೆಯಲ್ಲಿ. ಯಾರ ಮನೆ ಅಂತ ಆಗ ಕೇಳುವಷ್ಟು ಬುದ್ಧಿ ಇರಲಿಲ್ಲ, ಬಿಡಿ.

ಅಪ್ಪ 28 ವರ್ಷ ಮಿಲ್ಟ್ರಿಯಲ್ಲಿದ್ದು ಸುಬೇದಾರ್ ಆಗಿ ಬಂದವರು. ಈಗ ಮಂಡಿ ನೋವು, ಮೆಟ್ಟಿಲು ಕಂಡರೆ ಸಿಟ್ಟು. ಅಂಗಳದಲ್ಲಿ ಟ್ಯಾಂಕ್ ಹತ್ತಿರ ಮಕ್ಕಳು ಸೆಲ್ಫಿ ತೆಗೆಯುತ್ತಿದ್ದರು. ಅಪ್ಪ ಬಾಗಿಲ ಹತ್ತಿರ ನಿಂತರು. ಮಂಕಿ ಟೋಪಿ ತೆಗೆದು, ನಾಲ್ಕು ಮಡಿಕೆ ಮಾಡಿ ಸ್ವೆಟರ್ ಜೇಬಿಗೆ ಹಾಕಿದರು. ಕೈಯಲ್ಲೇ ತಲೆ ಬಾಚಿಕೊಂಡರು. ಆಮೇಲೆ ಒಳಗೆ ಹೋದರು. ಮದುವೆ ಮನೆಗೆ ಹೋದರೂ ಅವರು ಹಾಗೆಲ್ಲ ಮಾಡುವವರಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ನನ್ನ ಮಗ ಮೊಬೈಲ್ ನೋಡಿಕೊಂಡು, "ಅಜ್ಜಾ, ಇವರೇ ಅಲ್ವಾ ರಾಜೀನಾಮೆ ಕೊಟ್ಟು ವಾಪಸ್ ತಗೊಂಡವರು?" ಅಂದ. ಸುಂಟಿಕೊಪ್ಪ ಬರುವವರೆಗೆ ಅಪ್ಪ ಮಾತಾಡಲಿಲ್ಲ. ಆಮೇಲೆ "ಅಷ್ಟೇನಾ ಬರೆದಿರೋದು?" ಅಂತ ಕೇಳಿದರು.

ಮಗನ ಬಳಿ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಹತ್ತಿರವೂ ಇರಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನಿಮಗೆ ಗೊತ್ತಿರುವುದನ್ನು ಬರೆಯಿರಿ. ಅಪ್ಪನಿಗೆ ಓದಿ ಹೇಳುತ್ತೇನೆ, ಅವರಿಗೆ ಈಗ ಸಣ್ಣ ಅಕ್ಷರ ಕಾಣಲ್ಲ.

ರಿಚ್ಮಂಡ್ ರಘು · ಭಾನುವಾರ, ಸಂಜೆ 7:05

ಅಕ್ಕ, ಒಂದು ತಮಾಷೆ ಹೇಳುತ್ತೇನೆ. ಬೆಂಗಳೂರಿನ ರಿಚ್ಮಂಡ್ ರೋಡಿಗೆ ಸರ್ಕಾರಿ ಹೆಸರು ಜನರಲ್ ಕೆ. ಎಸ್. ತಿಮ್ಮಯ್ಯ ರಸ್ತೆ. ಹುಟ್ಟಿದಾಗಿನಿಂದ ನಾನು ಆ ಭಾಗದಲ್ಲೇ ಇರುವುದು. ಆಟೋದವರಿಗೆ "ತಿಮ್ಮಯ್ಯ ರೋಡ್" ಅಂದರೆ ಶಿವಾಜಿನಗರದ ಕಡೆ ಇರುವ ಬೇರೆ ತಿಮ್ಮಯ್ಯ ರೋಡಿಗೆ ತಿರುಗಿಸುತ್ತಾರೆ! ಒಂದು ಸಲ ಹಾಗೇ ಸುತ್ತಿ ಬಂದಿದ್ದೇನೆ, ಮೀಟರ್ ಮೇಲೆ ಇಪ್ಪತ್ತು ಜಾಸ್ತಿ ಬೇರೆ ಕೊಟ್ಟೆ.

ನನಗೆ ಗೊತ್ತಿರೋದು ಇಷ್ಟೇ: ಚೀನಾ ಯುದ್ಧದಲ್ಲಿ ಇವರೇ ಸೇನೆಯ ಮುಖ್ಯಸ್ಥರು, ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಇವರ ಮಾತು ಕೇಳಲಿಲ್ಲ, ಸೋತೆವು. ಫೀಲ್ಡ್ ಮಾರ್ಷಲ್ ಕೂಡ ಆಗಿದ್ದರು ಅಲ್ವಾ?

ಹಳೇ ಮೇಷ್ಟ್ರು · ಭಾನುವಾರ, ರಾತ್ರಿ 8:20

ರಘು, ಎರಡೂ ತಪ್ಪು. ಬೇಜಾರು ಮಾಡಿಕೊಳ್ಳಬೇಡಿ, ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನಿಗೆ ಕೈ ಸುಮ್ಮನಿರಲ್ಲ.

ಫೀಲ್ಡ್ ಮಾರ್ಷಲ್ ಆದವರು ಕಾರ್ಯಪ್ಪ. ಅವರೂ ಕೊಡಗಿನವರೇ. 1949ರಲ್ಲಿ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದವರು, ಆ ಪದವಿ ಸಿಕ್ಕಿದ್ದು 1986ರಲ್ಲಿ. ತಿಮ್ಮಯ್ಯ ಸೇನೆಯ ಮುಖ್ಯಸ್ಥರಾಗಿದ್ದು 1957ರ ಮೇ ತಿಂಗಳಿಂದ 1961ರ ಮೇವರೆಗೆ. ಚೀನಾ ಯುದ್ಧ ನಡೆದಿದ್ದು 1962ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಇವರು ನಿವೃತ್ತರಾಗಿ ಒಂದೂವರೆ ವರ್ಷ ಆಗಿತ್ತು. ಆಗ ಮುಖ್ಯಸ್ಥರಾಗಿದ್ದವರು ಜನರಲ್ ಥಾಪರ್.

ಅಷ್ಟೇ ಅಲ್ಲ. ಆ ಯುದ್ಧಕ್ಕೆ ಮೂರು ತಿಂಗಳ ಮುಂಚೆ, 1962ರ ಜುಲೈನಲ್ಲಿ, ತಿಮ್ಮಯ್ಯ ಒಂದು ಮಾಸಪತ್ರಿಕೆಗೆ ಲೇಖನ ಬರೆದರು. ಚೀನಾದ ಜೊತೆ ನಾವು ಒಬ್ಬರೇ ನೇರ ಯುದ್ಧಕ್ಕೆ ಇಳಿಯುವುದನ್ನು ಸೈನಿಕನಾಗಿ ನನ್ನಿಂದ ಊಹಿಸಲು ಆಗಲ್ಲ, ಅದನ್ನು ರಾಜಕಾರಣಿಗಳು ಮಾತುಕತೆಯಲ್ಲೇ ಬಗೆಹರಿಸಬೇಕು ಅನ್ನುವುದು ಅದರ ಸಾರ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ರಿಚ್ಮಂಡ್ ರಘು · ಭಾನುವಾರ, ರಾತ್ರಿ 8:31

ಮೇಷ್ಟ್ರೇ, ಬೆಂಚ್ ಮೇಲೆ ನಿಂತುಕೊಂಡಿದ್ದೇನೆ.

ಸ್ಯಾಪರ್ ಮೊಮ್ಮಗ · ಭಾನುವಾರ, ರಾತ್ರಿ 9:48

ನಮ್ಮ ಮನೆಯಲ್ಲಿ ತಿಮ್ಮಯ್ಯನವರ ಹೆಸರು ಬರುತ್ತಿದ್ದುದು ಒಂದೇ ವಿಷಯಕ್ಕೆ. ರಸ್ತೆ ಕೆಲಸ.

ನನ್ನ ತಾತ ಮದ್ರಾಸ್ ಸ್ಯಾಪರ್ಸ್, ಸೇನೆಗೆ ರಸ್ತೆ, ಸೇತುವೆ ಮಾಡಿಕೊಡುವ ದಳದವರು. ಅಂದರೆ ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಇದೆಯಲ್ಲ, ಎಂಇಜಿ, ಅಲ್ಲಿಯವರು. ತಾತ ಸೇರಿದ್ದು ಐವತ್ತರ ದಶಕದಲ್ಲಿ, ಹಾಗಾಗಿ ಅವರು ಜೋಜಿಲಾ ನೋಡಿದವರಲ್ಲ. ಆದರೆ ನೋಡಿದವರ ಜೊತೆ ಒಂದೇ ಬ್ಯಾರಕ್‌ನಲ್ಲಿ ಮಲಗಿದವರು. ನಮ್ಮ ಬೀದಿಗೆ ಡಾಂಬರು ಹಾಕಲು ಕಂಟ್ರಾಕ್ಟರ್ ಬಂದಾಗಲೆಲ್ಲ ತಾತ ಗೇಟಿನ ಹತ್ತಿರ ನಿಂತು ಬೈಯುತ್ತಿದ್ದರು, "ಹಿಮದಲ್ಲಿ ಟ್ಯಾಂಕ್ ಹತ್ತೋ ರಸ್ತೆ ಮಾಡಿದಾರೆ ನಮ್ಮವರು, ನೀನು ಬಿಸಿಲಲ್ಲಿ ಸೈಕಲ್ ಹೋಗೋ ರಸ್ತೆ ಮಾಡಕ್ಕಾಗಲ್ವೇನಯ್ಯಾ?"

ಕಥೆ ಹೀಗೆ. 1948, ಕಾಶ್ಮೀರಕ್ಕಾಗಿ ಪಾಕಿಸ್ತಾನದ ಜೊತೆ ಯುದ್ಧ. ತಿಮ್ಮಯ್ಯ ಆಗ ಮೇಜರ್ ಜನರಲ್, ಕಾಶ್ಮೀರ ಕಣಿವೆಯ 19ನೇ ಡಿವಿಷನ್ ಅವರದು. ಜೋಜಿಲಾ ಕಣಿವೆದಾರಿಯನ್ನು ಎದುರಾಳಿಗಳು ಹಿಡಿದು ಕೂತಿದ್ದರು. ಅದು ಸುಮಾರು 11,500 ಅಡಿ ಎತ್ತರದಲ್ಲಿದೆ. ಅದನ್ನು ದಾಟದೆ ಶ್ರೀನಗರದ ಕಡೆಯಿಂದ ಲೇಹ್‌ಗೆ ನೆಲದ ಮೇಲೆ ಹೋಗಲು ಆಗುತ್ತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಕಾಲಾಳುಗಳು ನುಗ್ಗಿ ನೋಡಿದರು, ಆಗಲಿಲ್ಲ. ಮೇಲಿನ ಬಂಡೆಗಳಲ್ಲಿ ಮೆಷಿನ್‌ಗನ್ ಇಟ್ಟು ಕೂತವನನ್ನು ಕೆಳಗಿನಿಂದ ಹತ್ತಿ ಏನು ಮಾಡುವುದು?

ಆಗ ತಿಮ್ಮಯ್ಯ, ಟ್ಯಾಂಕ್ ತರಿಸೋಣ ಅಂದರು. ಆ ಎತ್ತರಕ್ಕೆ ಟ್ಯಾಂಕ್ ಹೋಗಬಹುದು ಅಂತ ಯಾರೂ ಅಂದುಕೊಂಡಿರಲಿಲ್ಲ. ಎದುರಾಳಿಗಳಂತೂ ಕನಸಿನಲ್ಲೂ ಅಂದುಕೊಂಡಿರಲಿಲ್ಲ, ಮಜಾ ಇರೋದೇ ಅಲ್ಲಿ. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಜಮ್ಮು ಕಡೆಯಿಂದ ಗುಟ್ಟಾಗಿ ತಂದರು. ಮೇಲಿನ ಗೋಪುರ ಬಿಚ್ಚಿ, ಬೇರೆಯಾಗಿ ಸಾಗಿಸಿದರು. ದಾರಿಯ ಸೇತುವೆಗಳು ಆ ಭಾರ ತಡೆಯುವಂಥವಲ್ಲ, ಅವನ್ನು ಗಟ್ಟಿ ಮಾಡಿದ್ದು ಸ್ಯಾಪರ್‌ಗಳು. ಬಾಲ್ತಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ಹೋಗುವ ದಾರಿ. ಅದನ್ನು ಅಗೆದು, ಬಂಡೆ ಸಿಡಿಸಿ, ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರೂ ಮದ್ರಾಸ್ ಸ್ಯಾಪರ್‌ಗಳೇ.

ನವೆಂಬರ್ 1. ಹಿಮ ಬೀಳುತ್ತಿತ್ತು. ಟ್ಯಾಂಕುಗಳು ಹತ್ತಿದವು. ಡಿವಿಷನ್ ಕಮಾಂಡರ್ ಆದವರು ಹಿಂದೆ ಟೆಂಟಿನಲ್ಲಿ ನಕ್ಷೆ ಇಟ್ಟುಕೊಂಡು ಕೂರುವುದು ರೂಢಿ. ತಿಮ್ಮಯ್ಯ ಟ್ಯಾಂಕ್ ಹತ್ತಿ ಮುಂದಿನ ಸಾಲಿನಲ್ಲೇ ಹೋದರು. ಎದುರಾಳಿಗಳ ಕೈಯಲ್ಲಿ ಟ್ಯಾಂಕ್ ಹೊಡೆಯುವ ಆಯುಧವೇ ಇರಲಿಲ್ಲ, ಕಂಗಾಲಾದರು. ಅವತ್ತೇ ಕಣಿವೆದಾರಿ ಕೈಗೆ ಬಂತು. ಅದೇ ತಿಂಗಳು ದ್ರಾಸ್, ಆಮೇಲೆ ಕಾರ್ಗಿಲ್.

ತಾತ ಹೇಳುತ್ತಿದ್ದುದು ಇನ್ನೊಂದು ಮಾತು. ಜನರಲ್ ಬಂದು ರಸ್ತೆ ನೋಡಿ ಹೋಗುವುದು ಬೇರೆ, ತಾನೇ ಮಾಡಿಸಿದ ರಸ್ತೆ ಮೇಲೆ ತಾನೇ ಮೊದಲು ಹೋಗುವುದು ಬೇರೆ.

ಕಾಫಿತೋಟದಾಕೆ · ಭಾನುವಾರ, ರಾತ್ರಿ 10:15

ಇದನ್ನು ಈಗಲೇ ಓದಿ ಹೇಳಿದೆ. ಅಪ್ಪ ಎದ್ದು ಕೂತಿದ್ದಾರೆ. "ಲೇಹ್ ವಿಮಾನದ ಕಥೆ ಯಾರೂ ಹೇಳಲಿಲ್ವಾ?" ಅಂತ ಕೇಳ್ತಿದಾರೆ. ಮಾತ್ರೆ ತಗೊಂಡು ಮಲಗಬೇಕಿತ್ತು ಇಷ್ಟು ಹೊತ್ತಿಗೆ.

ಹಳೇ ಮೇಷ್ಟ್ರು · ಭಾನುವಾರ, ರಾತ್ರಿ 10:52

ಅಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ. ಅದೂ ಅದೇ ವರ್ಷ, ಮೇ 24. ಲೇಹ್ ಇನ್ನೇನು ಕೈತಪ್ಪುತ್ತದೆ ಅನ್ನುವ ಹೊತ್ತು. ಸೋನಂ ನೋರ್ಬು ಎಂಬ ಲಡಾಖಿ ಎಂಜಿನಿಯರ್ ಊರವರನ್ನೆಲ್ಲ ಸೇರಿಸಿಕೊಂಡು ಅಲ್ಲಿ ಮಣ್ಣಿನಲ್ಲೇ ಒಂದು ರನ್‌ವೇ ಮಾಡಿದ್ದರು. ಅದರ ಮೇಲೆ ಅದುವರೆಗೆ ಒಂದು ವಿಮಾನವೂ ಇಳಿದಿರಲಿಲ್ಲ. ವಾಯುಪಡೆಯ ಮೆಹರ್ ಸಿಂಗ್ ಡಕೋಟಾ ಓಡಿಸಿದರು. ಪಕ್ಕದಲ್ಲಿ ತಿಮ್ಮಯ್ಯ. ಅಂಥ ಬೆಟ್ಟಗಳ ಮೇಲೆ ಹಾರಲು ಮಾಡಿದ ವಿಮಾನವೇ ಅಲ್ಲ ಅದು. ಇಳಿದರು. ಆಮೇಲೆ ಅದೇ ಪಟ್ಟಿಯ ಮೇಲೆ ಗೂರ್ಖಾ ಸೈನಿಕರು ಬಂದಿಳಿದರು, ಊರು ಉಳಿಯಿತು.

ಇನ್ನು ಮಲಗಲು ಹೇಳಿ.

ಹುಬ್ಬಳ್ಳಿ ಹವಾಲ್ದಾರ್ · ಸೋಮವಾರ, ಬೆಳಗ್ಗೆ 5:35

ಎಲ್ಲ ಓದಿದೆ. ನಾನೂ 17 ವರ್ಷ ಸೇವೆ ಮಾಡಿದವ. ಸಿಟ್ಟಿಗೇಳಬ್ಯಾಡ್ರಿ, ಒಂದು ಮಾತು ಹೇಳತೇನಿ. ಜನರಲ್‌ಗಳ ಹೆಸರಿನಲ್ಲಿ ರಸ್ತೆ ಇರತದ, ಮ್ಯೂಸಿಯಂ ಇರತದ. ಟ್ಯಾಂಕಿನ ದಾರಿ ಅಗೆದವನ ಹೆಸರು ಸ್ಯಾಪರ್ ಮೊಮ್ಮಗನಿಗೂ ಗೊತ್ತಿಲ್ಲ. ಹಿಮದಲ್ಲಿ ಬೆರಳು ಕಳಕೊಂಡವ ಊರಿಗೆ ಬಂದು ಪೆನ್ಶನ್ ಸಲುವಾಗಿ ವರ್ಷಗಟ್ಟಲೆ ಅಡ್ಡಾಡತಾನ. ನಾನೂ ಅಡ್ಡಾಡೀನಿ. ಒಂದು ಕಾಗದದಾಗ ನನ್ನ ಹೆಸರಿಗೆ ಒಂದು ಅಕ್ಷರ ಹೆಚ್ಚಿಗೆ ಬಿದ್ದಿತ್ತು ಅಂತ ಹನ್ನೊಂದು ತಿಂಗಳು.

ಹಂಗಂತ ತಿಮ್ಮಯ್ಯ ಸಾಹೇಬರ ಮ್ಯಾಲೆ ಸಿಟ್ಟಿಲ್ಲ. ಆದರ ರಾಜೀನಾಮೆ ವಿಷಯದಾಗ ನನ್ನ ಅಭಿಪ್ರಾಯ ಬ್ಯಾರೆ. ಕೊಟ್ಟ ಮ್ಯಾಲೆ ಕೊಟ್ಟಂಗ ಇರಬೇಕಿತ್ತು. ವಾಪಸ್ ತಗೋಬಾರದಿತ್ತು. ಜವಾನ ಕೊಟ್ಟ ಮಾತು ವಾಪಸ್ ತಗೊಂಡರ ಏನಂತಾರ ನಮಗ?

ಕೂರ್ಗ್ ಕೊಡೆ · ಸೋಮವಾರ, ಬೆಳಗ್ಗೆ 8:10

ಹವಾಲ್ದಾರ್ ಸಾಹೇಬರೇ, ಪೆನ್ಶನ್ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಿಲ್ಲ. ನಮ್ಮ ಒಕ್ಕದಲ್ಲೇ, ಅಂದರೆ ಮನೆತನದಲ್ಲೇ, ಅಂಥ ಇಬ್ಬರು ಇದ್ದರು. ರಾಜೀನಾಮೆ ವಿಷಯದಲ್ಲಿ ಮಾತ್ರ ಸ್ವಲ್ಪ ಜಗಳ ಆಡುತ್ತೇನೆ.

ತಿಮ್ಮಯ್ಯ ರಾಜೀನಾಮೆ ಕೊಟ್ಟದ್ದು 1959ರ ಆಗಸ್ಟ್ 31. ಆ ತಾರೀಖಿಗೆ ಒಂದು ವಾರದ ಹಿಂದೆ ಏನಾಗಿತ್ತು? ಆಗಸ್ಟ್ 25ರಂದು ಲೋಂಗ್‌ಜು ಎಂಬಲ್ಲಿ ಚೀನೀಯರು ನಮ್ಮ ಗಡಿಠಾಣೆಯ ಮೇಲೆ ಗುಂಡು ಹಾರಿಸಿದ್ದರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಬಡ್ತಿಗಳ ವಿಷಯಕ್ಕೆ, ಸೇನೆಯ ಒಳಗೆ ಕೈ ಹಾಕುವ ವಿಷಯಕ್ಕೆ ಮೊದಲಿಂದಲೂ ಇವರಿಗೆ ಆಗುತ್ತಿರಲಿಲ್ಲ. ಕೊನೆಗೆ ಬರೆದುಕೊಟ್ಟರು. ನೆಹರೂ ಕರೆಸಿ ಮಾತಾಡಿದರು. ಗಡಿಯಲ್ಲಿ ಹೀಗಿರುವಾಗ ಸೇನೆಯ ಮುಖ್ಯಸ್ಥ ಬಿಟ್ಟು ಹೋದರೆ ಜಗತ್ತು ಏನನ್ನಬೇಕು? ಇವರು ವಾಪಸ್ ತಗೊಂಡರು. ಸುದ್ದಿ ಮಾತ್ರ ಹೊರಗೆ ಬಂತು. ಆಮೇಲೆ ನೆಹರೂ ಪಾರ್ಲಿಮೆಂಟಿನಲ್ಲಿ ನಿಂತು ಇದೆಲ್ಲ ಸಣ್ಣಪುಟ್ಟ ಮನಸ್ತಾಪ ಅನ್ನುವ ಧಾಟಿಯಲ್ಲಿ ಮಾತಾಡಿಬಿಟ್ಟರು. ಕೊಟ್ಟರೂ ಬೈಗುಳ, ವಾಪಸ್ ತಗೊಂಡರೂ ಬೈಗುಳ.

ನಮ್ಮ ಅಜ್ಜ ಹೇಳುತ್ತಿದ್ದರು, ತಿಮ್ಮಯ್ಯ ಮೋಸ ಹೋದರು ಅಂತ. ಇರಬಹುದು.

ಹಳೇ ಮೇಷ್ಟ್ರು · ಸೋಮವಾರ, ಬೆಳಗ್ಗೆ 9:30

ಇಲ್ಲಿ ಒಂದು ಸಂಗತಿ ಸೇರಿಸುತ್ತೇನೆ, ನನಗೆ ಯಾವಾಗಲೂ ಕಾಡುವಂಥದ್ದು.

1947ರ ಆಗಸ್ಟ್‌ನಲ್ಲಿ ದೇಶ ಒಡೆಯುವಾಗ ಪಂಜಾಬಿನಲ್ಲಿ ಜನ ಜನರನ್ನು ಕಡಿಯುವುದನ್ನು ತಡೆಯಲು ಪಂಜಾಬ್ ಗಡಿ ಪಡೆ ಅಂತ ಮಾಡಿದ್ದರು. ಅದಕ್ಕೆ ಮೇಜರ್ ಜನರಲ್ ರೀಸ್ ಎಂಬ ಬ್ರಿಟಿಷ್ ಅಧಿಕಾರಿ ಕಮಾಂಡರ್. ಅವರಿಗೆ ಎರಡೂ ಕಡೆಯ ಸೇನಾಧಿಕಾರಿಗಳು ಸಲಹೆಗಾರರು. ಭಾರತದ ಕಡೆಯಿಂದ ಇದ್ದವರಲ್ಲಿ ಒಬ್ಬರು ತಿಮ್ಮಯ್ಯ. ಪಾಕಿಸ್ತಾನದ ಕಡೆಯಿಂದ ಇದ್ದವರಲ್ಲಿ ಒಬ್ಬರು ಅಯೂಬ್ ಖಾನ್.

ಒಂದೇ ಮೇಜಿನ ಸುತ್ತ ಕೂತಿದ್ದವರು. ಹನ್ನೊಂದು ವರ್ಷದ ಮೇಲೆ, 1958ರ ಅಕ್ಟೋಬರ್‌ನಲ್ಲಿ, ಅಯೂಬ್ ಪಾಕಿಸ್ತಾನದ ಸರ್ಕಾರವನ್ನೇ ಕೈಗೆ ತಗೊಂಡರು. ಅದಾಗಿ ಹತ್ತು ತಿಂಗಳಿಗೆ ತಿಮ್ಮಯ್ಯನವರಿಗೆ ತಮ್ಮ ಮಂತ್ರಿಯ ಮೇಲೆ ಸಿಟ್ಟು ಬಂತು. ಅವರ ಕೈಯಲ್ಲೂ ದೊಡ್ಡ ಸೇನೆ ಇತ್ತು, ಸೈನಿಕರು ಅವರನ್ನು ಮನಸಾರೆ ಮೆಚ್ಚುತ್ತಿದ್ದರು. ಅವರು ಮಾಡಿದ್ದು ಒಂದು ಕಾಗದ ಬರೆದದ್ದು. ಪ್ರಧಾನಿ ಬೇಡ ಅಂದಾಗ ಅದನ್ನೂ ಹಿಂದಕ್ಕೆ ತಗೊಂಡಿದ್ದು.

ಹವಾಲ್ದಾರ್ ಸಾಹೇಬರು ಅದನ್ನು ಮಾತು ತಪ್ಪಿದ್ದು ಅನ್ನುತ್ತಾರೆ. ನಾನು ಹಾಗನ್ನಲಾರೆ.

ಹುಬ್ಬಳ್ಳಿ ಹವಾಲ್ದಾರ್ · ಸೋಮವಾರ, ಬೆಳಗ್ಗೆ 9:50

ಮೇಷ್ಟ್ರ, ಅಯೂಬನ ವಿಷಯ ನನಗ ಗೊತ್ತಿರಲಿಲ್ಲ. ವಿಚಾರ ಮಾಡತೇನಿ. ಒಪ್ಪಿದೆ ಅಂತ ಅಲ್ಲ ಮತ್ತ.

ಕೂರ್ಗ್ ಕೊಡೆ · ಸೋಮವಾರ, ಮಧ್ಯಾಹ್ನ 1:15

ಊಟ ಆಯ್ತು, ಮಳೆ ಹೊಡೀತಾ ಇದೆ, ಕರೆಂಟ್ ಇಲ್ಲ, ಮೊಬೈಲ್‌ನಲ್ಲಿ 40% ಇದೆ. ಇದ್ದಷ್ಟು ಬರೆಯುತ್ತೇನೆ.

ಮನೆ ಕಡೆ ವಿಷಯ ಯಾರೂ ಹೇಳಿಲ್ಲ. ಹುಟ್ಟಿದ್ದು 1906ರ ಮಾರ್ಚ್, ಮಡಿಕೇರಿ. ಕೊಡಂದೇರ ಮನೆತನ, ಕಾಫಿ ತೋಟದವರು. ಪೂರ್ತಿ ಹೆಸರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಮನೆಯಲ್ಲಿ ಕರೆಯುತ್ತಿದ್ದುದು "ದುಬ್ಬು" ಅಂತ. ಸೇನೆಯಲ್ಲಿ "ತಿಮ್ಮಿ". ಕೂನೂರಿನಲ್ಲಿ, ಬೆಂಗಳೂರಿನ ಬಿಷಪ್ ಕಾಟನ್‌ನಲ್ಲಿ ಓದಿ, ಡೆಹ್ರಾಡೂನ್ ಸೈನಿಕ ಕಾಲೇಜು ಸೇರಿ, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಅಧಿಕಾರಿ. ಆಮೇಲೆ 19ನೇ ಹೈದರಾಬಾದ್ ರೆಜಿಮೆಂಟ್, ಈಗ ಅದೇ ಕುಮಾಊಂ ರೆಜಿಮೆಂಟ್. ಅಣ್ಣತಮ್ಮಂದಿರು ಮೂವರೂ ಸೇನೆಗೆ ಹೋದವರು. ಅವರಲ್ಲಿ ಪೊನ್ನಪ್ಪ ಸುಭಾಷ್ ಬೋಸರ ಐಎನ್‌ಎ ಸೇರಿದರು. ಈ ಕಡೆ ತಿಮ್ಮಯ್ಯ ಬ್ರಿಟಿಷರ ಕಡೆ ಬರ್ಮಾದಲ್ಲಿ ಜಪಾನೀಯರ ವಿರುದ್ಧ. ಒಂದೇ ತಾಯಿ ಮಕ್ಕಳು! ಆ ತಾಯಿಯ ಬಗ್ಗೆ ಯಾರಾದರೂ ಬರೆಯಬೇಕಿತ್ತು.

ಅವರ ಪತ್ನಿ ನೀನಾ. 1935ರಲ್ಲಿ ಕ್ವೆಟ್ಟಾ ಭೂಕಂಪ ಆದಾಗ ಇಬ್ಬರೂ ಅಲ್ಲೇ ಇದ್ದರು. ಆಕೆ ಗಾಯಾಳುಗಳ ಸೇವೆಗೆ ಇಳಿದರು, ಅದಕ್ಕೆ ಕೈಸರ್-ಇ-ಹಿಂದ್ ಪದಕ ಸಿಕ್ಕಿತು. ಸೇನೆಯವರ ಹೆಂಡತಿಯರ ಕಥೆ ಯಾವಾಗಲೂ ಹೀಗೆ ಒಂದು ಸಾಲಿನಲ್ಲಿ ಮುಗಿಯುತ್ತದೆ, ನಾನೂ ಅದನ್ನೇ ಮಾಡಿದೆ ನೋಡಿ.

ಬರ್ಮಾದ ಅರಾಕಾನ್‌ನಲ್ಲಿ ಕಂಗಾವ್ ಅಂತ ಒಂದು ಕಡೆ ದೊಡ್ಡ ಕಾಳಗ ಆಯಿತು, 1945ರ ಆರಂಭ. 51ನೇ ಬ್ರಿಗೇಡ್‌ನ ಮೂರು ಬೆಟಾಲಿಯನ್‌ಗಳಿಗೂ ಭಾರತೀಯರೇ ಕಮಾಂಡರ್: ತಿಮ್ಮಯ್ಯ, ಥೋರಾಟ್, ಎಲ್. ಪಿ. ಸೇನ್. ಮೂವರಿಗೂ ಡಿಎಸ್‌ಒ ಎಂಬ ಬ್ರಿಟಿಷ್ ಸೇನಾ ಪದಕ. ಭಾರತೀಯರಿಗೆ ಯುದ್ಧದಲ್ಲಿ ದಳ ನಡೆಸಲು ಬರಲ್ಲ ಅನ್ನುತ್ತಿದ್ದ ಬಿಳಿಯರ ಬಾಯಿ ಅಲ್ಲಿಗೆ ಮುಚ್ಚಿತು. ಆಮೇಲೆ ತಿಮ್ಮಯ್ಯ ಬ್ರಿಗೇಡನ್ನೇ ಯುದ್ಧದಲ್ಲಿ ನಡೆಸಿದರು, ಆ ಮಹಾಯುದ್ಧದಲ್ಲಿ ಹಾಗೆ ಮಾಡಿದ ಮೊದಲ ಭಾರತೀಯ.

ಬ್ಯಾಟರಿ 31%. ಸಾಕು.

ರಿಚ್ಮಂಡ್ ರಘು · ಸೋಮವಾರ, ಮಧ್ಯಾಹ್ನ 2:40

ಬ್ರಿಟಿಷರ ಸೇನೆಯಲ್ಲಿದ್ದು ಅವರ ಪರ ಹೋರಾಡಿದ್ದನ್ನು ಹೆಮ್ಮೆ ಅಂತ ಹೇಳುವುದು ಹೇಗೆ? ಜಗಳಕ್ಕಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಹಳೇ ಮೇಷ್ಟ್ರು · ಸೋಮವಾರ, ಮಧ್ಯಾಹ್ನ 3:20

ಈ ಪ್ರಶ್ನೆ ಅವರಿಗೂ ಬಂದಿತ್ತು. ಅಲಹಾಬಾದಿನಲ್ಲಿ ಕೆಲಸದಲ್ಲಿದ್ದಾಗ ಮೋತಿಲಾಲ್ ನೆಹರೂ ಅವರನ್ನು ಕಂಡು, ಸೇನೆ ಬಿಟ್ಟುಬಿಡಲೇ ಅಂತ ಕೇಳಿದರಂತೆ. ಬಿಡಬೇಡಿ, ನಾಳೆ ಸ್ವಾತಂತ್ರ್ಯ ಬಂದಾಗ ನಮಗೂ ಸೇನೆ ನಡೆಸಲು ಗೊತ್ತಿರುವವರು ಬೇಕಲ್ಲ ಅಂತ ಅವರು ಹೇಳಿದರು ಎಂಬ ಪ್ರಸಂಗ ಪ್ರಸಿದ್ಧವಾಗಿದೆ. ಇಪ್ಪತ್ತು ವರ್ಷದೊಳಗೆ ಜೋಜಿಲಾ ಬಂತು. ಉತ್ತರ ಸಿಕ್ಕಿತೋ ಇಲ್ಲವೋ ನೀವೇ ನೋಡಿ.

ಈಗ ಕೊರಿಯಾ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ. ನನ್ನ ಪ್ರಕಾರ ಅವರು ಮಾಡಿದ ಅತಿ ಕಷ್ಟದ ಕೆಲಸ ಇದೇ.

1953ರಲ್ಲಿ ಕೊರಿಯಾ ಯುದ್ಧ ನಿಂತಿತು. ಒಂದು ತಲೆನೋವು ಉಳಿಯಿತು. ಯುದ್ಧ ಕೈದಿಗಳಲ್ಲಿ 22,000ಕ್ಕೂ ಹೆಚ್ಚು ಚೀನೀಯರು ಮತ್ತು ಉತ್ತರ ಕೊರಿಯನ್ನರು ನಾವು ಊರಿಗೆ ಹೋಗಲ್ಲ ಅಂತ ಕೂತಿದ್ದರು. ಚೀನಾ, ಉತ್ತರ ಕೊರಿಯಾದವರ ಸೆರೆಯಲ್ಲಿದ್ದವರಲ್ಲೂ ಮುನ್ನೂರೈವತ್ತು ಚಿಲ್ಲರೆ ಜನ ಹಾಗೇ, ಅದರಲ್ಲಿ 23 ಅಮೆರಿಕನ್ನರು. ಇವರು ನಿಜವಾಗಿ ಒಲ್ಲೆ ಅನ್ನುತ್ತಿದ್ದಾರೋ, ಯಾರಾದರೂ ಹೆದರಿಸಿ ಅನ್ನಿಸುತ್ತಿದ್ದಾರೋ? ಇದನ್ನು ತಿಳಿಯಲು ಐದು ದೇಶಗಳ ಆಯೋಗ ಮಾಡಿದರು. ಸ್ವೀಡನ್, ಸ್ವಿಟ್ಜರ್‌ಲೆಂಡ್ ಒಂದು ಕಡೆಗೆ ವಾಲುವವು, ಪೋಲೆಂಡ್, ಜೆಕೊಸ್ಲೊವಾಕಿಯಾ ಇನ್ನೊಂದು ಕಡೆಗೆ. ನಡುವೆ ಭಾರತ. ಅಧ್ಯಕ್ಷರು ತಿಮ್ಮಯ್ಯ. ಅಂದರೆ ಎಲ್ಲ ಮತದಲ್ಲೂ ಎರಡು–ಎರಡು, ನಿರ್ಣಯ ಇವರ ತಲೆಗೆ.

ಕೈದಿಗಳನ್ನು ಕಾಯಲು ನಮ್ಮ ಸೈನಿಕರು ಹೋದರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯರು ನನ್ನ ನೆಲದ ಮೇಲೆ ಕಾಲಿಡಕೂಡದು ಅಂದುಬಿಟ್ಟರು. ಮಾಡುವುದೇನು? ಇಂಚೋನ್ ಬಂದರಿನಲ್ಲಿ ಹಡಗಿನಿಂದಲೇ ಹೆಲಿಕಾಪ್ಟರ್ ಹತ್ತಿಸಿ, ಸಾವಿರಾರು ಸೈನಿಕರನ್ನು ಕಂತು ಕಂತಾಗಿ ಗಡಿಯ ಖಾಲಿ ಪಟ್ಟಿಯಲ್ಲಿ ಇಳಿಸಿದರು. ನೆಲ ಮುಟ್ಟದೆ! ನಮ್ಮ ಹಳ್ಳಿ ಹುಡುಗರಲ್ಲಿ ಎಷ್ಟೋ ಜನ ಅದೇ ಮೊದಲ ಸಲ ಹಾರಿರಬೇಕು. ಅಲ್ಲಿ ಕಟ್ಟಿಕೊಂಡ ಬಿಡಾರಕ್ಕೆ ಹಿಂದ್ ನಗರ ಅಂತ ಹೆಸರು. ದಳದ ಕಮಾಂಡರ್ ಅದೇ ಥೋರಾಟ್, ಕಂಗಾವ್‌ನಲ್ಲಿ ಜೊತೆಗಿದ್ದವರು.

ಕೈದಿಗಳು ನಮ್ಮವರ ಮೇಲೆ ಕಲ್ಲು ಎಸೆದರು. ಒಮ್ಮೆ ನಮ್ಮ ಒಬ್ಬ ಮೇಜರ್ ಅನ್ನು ಬೇಲಿಯೊಳಗೆ ಎಳೆದು ಹಿಡಿದುಕೊಂಡರು. ಥೋರಾಟ್ ಆಯುಧ ಇಲ್ಲದೆ ಒಳಗೆ ಹೋಗಿ, ಅವರ ನಡುವೆ ನಿಂತು ಮಾತಾಡಿ ಬಿಡಿಸಿಕೊಂಡು ಬಂದರು. ಎಲ್ಲವೂ ಹಾಗೆ ಮುಗಿಯಲಿಲ್ಲ, ಅಕ್ಟೋಬರ್‌ನಲ್ಲಿ ನಮ್ಮವರು ಗುಂಡು ಹಾರಿಸಬೇಕಾಯಿತು, ಕೆಲವು ಕೈದಿಗಳು ಸತ್ತರು. ಅದನ್ನು ಮುಚ್ಚಿಡಬಾರದು.

1954ರ ಜನವರಿಯಲ್ಲಿ ಗಡುವು ಮುಗಿಯಿತು. ಎರಡೂ ಕಡೆಯವರು ಎರಡು ರೀತಿ ಒತ್ತಡ ಹಾಕುತ್ತಿದ್ದರು. ತಿಮ್ಮಯ್ಯ ಯಾರನ್ನೂ ಬಲವಂತವಾಗಿ ಊರಿಗೆ ಅಟ್ಟಲಿಲ್ಲ, ನೀವು ಸ್ವತಂತ್ರರು ಅಂತ ತಾವಾಗಿ ಘೋಷಿಸಲೂ ಇಲ್ಲ. ಯಾರಿಂದ ವಹಿಸಿಕೊಂಡಿದ್ದರೋ ಅವರಿಗೇ ಒಪ್ಪಿಸಿದರು. ಇಬ್ಬರೂ ಬೈದರು. ಎಂಬತ್ತಕ್ಕೂ ಹೆಚ್ಚು ಕೈದಿಗಳು ಎರಡೂ ಕೊರಿಯಾ ಬೇಡ, ಚೀನಾವೂ ಬೇಡ, ನಿಮ್ಮ ಜೊತೆ ಬರುತ್ತೇವೆ ಅಂತ ನಮ್ಮ ಸೈನಿಕರ ಜೊತೆ ಹಡಗು ಹತ್ತಿ ಭಾರತಕ್ಕೆ ಬಂದರು. ಆ ವರ್ಷವೇ ಇವರಿಗೆ ಪದ್ಮಭೂಷಣ ಬಂತು.

ಕಾಯಲು ಬಂದವರ ಜೊತೆಯಲ್ಲೇ ಕೈದಿ ಹೊರಟು ನಿಲ್ಲುತ್ತಾನೆ ಅಂದರೆ ನಮ್ಮ ಹುಡುಗರು ಅಲ್ಲಿ ಹೇಗೆ ನಡೆದುಕೊಂಡಿರಬೇಕು?

ಹುಬ್ಬಳ್ಳಿ ಹವಾಲ್ದಾರ್ · ಸೋಮವಾರ, ಸಂಜೆ 5:05

ಇದು ಚೊಲೋ ಐತಿ ಮೇಷ್ಟ್ರ. ಜವಾನರ ಮಾತು ಬಂತಲ್ಲ ಈಗ. ಗಾರ್ಡ್ ಡ್ಯೂಟಿ ಮಾಡಿದವನಿಗೆ ಗೊತ್ತು, ಕಲ್ಲು ಬಿದ್ದಾಗ ಸುಮ್ಮನ ನಿಂದ್ರೋದು ಗುಂಡು ಹೊಡೆಯೋದಕ್ಕಿಂತ ಕಷ್ಟ.

ಲಾರ್ನಕಾ ಲಲಿತಾ · ಸೋಮವಾರ, ರಾತ್ರಿ 11:58

ನಾನು ಇಲ್ಲಿ ಬರೆಯುವುದು ಕಡಿಮೆ, ಸುಮ್ನೆ ಓದಿಕೊಂಡು ಹೋಗುವವಳು. ಇವತ್ತು ಬರೆಯದೆ ಇರಲು ಆಗುತ್ತಿಲ್ಲ.

ನಮ್ಮೂರು ತಿಪಟೂರು. ಎರಡು ವರ್ಷದಿಂದ ಸೈಪ್ರಸ್‌ನ ಲಾರ್ನಕಾದಲ್ಲಿದ್ದೇನೆ, ಹಡಗು ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ಇಲ್ಲಿ ಒಂದು ದೊಡ್ಡ ರಸ್ತೆ ಇದೆ. ಬೋರ್ಡ್ ಗ್ರೀಕ್ ಲಿಪಿಯಲ್ಲಿ. ನಾನು ಕಷ್ಟಪಟ್ಟು ಅಕ್ಷರ ಕಲಿತು ಓದಿದ್ದು "ಸ್ತ್ರಾತಿಗು ತಿಮಾಯಾ". ಸ್ತ್ರಾತಿಗೋಸ್ ಅಂದರೆ ಜನರಲ್ ಅಂತ ಗೊತ್ತಿತ್ತು. ತಿಮಾಯಾ ಯಾರೋ ಹಳೇ ಗ್ರೀಕ್ ವೀರ ಇರಬೇಕು ಅಂದುಕೊಂಡಿದ್ದೆ! ಎರಡು ವರ್ಷ ಆ ರಸ್ತೆಯಲ್ಲಿ ತರಕಾರಿ ಚೀಲ ಹಿಡಿದು ಓಡಾಡಿದ್ದೇನೆ.

ಈಗ ಈ ಚರ್ಚೆ ಓದುತ್ತಾ ಓದುತ್ತಾ ತಲೆಯಲ್ಲಿ ಏನೋ ಹೊಳೆಯಿತು. ಸ್ತ್ರಾತಿಗು ತಿಮಾಯಾ. ಜನರಲ್ ತಿಮ್ಮಯ್ಯ. ಅಡುಗೆಮನೆಯಲ್ಲಿ ಒಬ್ಬಳೇ ಜೋರಾಗಿ ನಕ್ಕೆ, ಆಮೇಲೆ ಸ್ವಲ್ಪ ಅಳುವೂ ಬಂತು. ಮನೆ ಬಿಟ್ಟು ಬಂದವರಿಗೆ ಇದು ಅರ್ಥ ಆಗುತ್ತದೆ.

ಯಾಕೆ ಇಲ್ಲಿ ಅವರ ಹೆಸರು, ಗೊತ್ತಿದ್ದವರು ಹೇಳಿ.

ಹಳೇ ಮೇಷ್ಟ್ರು · ಮಂಗಳವಾರ, ಬೆಳಗ್ಗೆ 6:30

ಲಲಿತಾ, ನೀವು ಬರೆದದ್ದನ್ನು ನಮ್ಮ ಮನೆಯವಳಿಗೂ ಓದಿ ಹೇಳಿದೆ.

ಸೈಪ್ರಸ್‌ನಲ್ಲಿ ಗ್ರೀಕರು, ತುರ್ಕರು ಹೊಡೆದಾಡಿಕೊಂಡಾಗ 1964ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆ ಶಾಂತಿಪಡೆ ಕಳಿಸಿತು. ಮೊದಲ ಕಮಾಂಡರ್ ನಮ್ಮ ಜನರಲ್ ಗ್ಯಾನಿ. ಅವರ ನಂತರ ಅದೇ ವರ್ಷ ಜುಲೈನಿಂದ ತಿಮ್ಮಯ್ಯ. ನಿವೃತ್ತಿಯಾಗಿ ಮೂರು ವರ್ಷ ಆಗಿತ್ತು. ಕೊಡಗಿನಲ್ಲಿ ಕಾಫಿ ಗಿಡ ನೋಡಿಕೊಂಡು ಇರಬಹುದಿತ್ತು. ಹೋದರು. ಮತ್ತೆ ಅದೇ ಕೆಲಸ, ಇಬ್ಬರ ನಡುವೆ ನಿಲ್ಲುವುದು. ಪಂಜಾಬಿನಲ್ಲಿ, ಕೊರಿಯಾದಲ್ಲಿ, ಕೊನೆಗೆ ಇಲ್ಲಿ. 1965ರ ಡಿಸೆಂಬರ್ 18ರಂದು ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು, ಕೆಲಸದಲ್ಲಿ ಇದ್ದ ಹಾಗೇ. ಇನ್ನೂ ಅರವತ್ತು ತುಂಬಿರಲಿಲ್ಲ. ಮರುವರ್ಷ ಸೈಪ್ರಸ್ ಸರ್ಕಾರ ಅವರ ಚಿತ್ರ ಇರುವ ಅಂಚೆಚೀಟಿ ತಂದಿತು. ಆ ಶಾಂತಿಪಡೆ ಇವತ್ತಿಗೂ ಅಲ್ಲಿದೆ.

ಸ್ಯಾಪರ್ ಮೊಮ್ಮಗ · ಮಂಗಳವಾರ, ಬೆಳಗ್ಗೆ 8:45

ಬೆಂಗಳೂರಲ್ಲಿ ರಿಚ್ಮಂಡ್ ರೋಡ್ ಅಂತೀವಿ, ಲಾರ್ನಕಾದಲ್ಲಿ ತಿಮಾಯಾ ರೋಡ್ ಅಂತಾರೆ. ರಘು, ಇನ್ಮೇಲೆ ಆಟೋದವರಿಗೆ ಗ್ರೀಕ್‌ನಲ್ಲಿ ಹೇಳಿ ನೋಡಿ.

ಕೂರ್ಗ್ ಕೊಡೆ · ಮಂಗಳವಾರ, ಬೆಳಗ್ಗೆ 9:20

ನಮ್ಮಲ್ಲೂ ಕಡಿಮೆ ಇಲ್ಲ. 2023ರ ಆಗಸ್ಟ್‌ನಲ್ಲಿ ಮಡಿಕೇರಿ ಸರ್ಕಲ್ಲಿನ ಪ್ರತಿಮೆಗೆ ಬಸ್ಸು ಬಡಿದು ಉರುಳಿಬಿತ್ತಲ್ಲ. ಫೋಟೋ ನೋಡಿ ನಮ್ಮ ದೊಡ್ಡಮ್ಮ ಊಟ ಬಿಟ್ಟಿದ್ದರು. ಮನೆಯವರೇ ಯಾರೋ ಬಿದ್ದ ಹಾಗೆ. ಆಮೇಲೆ ಸರಿ ಮಾಡಿ ಮತ್ತೆ ನಿಲ್ಲಿಸಿದರು.

ಕಾಫಿತೋಟದಾಕೆ · ಮಂಗಳವಾರ, ರಾತ್ರಿ 9:10

ಎಲ್ಲವನ್ನೂ ಓದಿ ಹೇಳಿದೆ, ಎರಡು ಕಂತಿನಲ್ಲಿ. ಮಗನೂ ಪಕ್ಕದಲ್ಲಿ ಕೂತಿದ್ದ, ಕೊರಿಯಾ ಬಂದಾಗ ಮೊಬೈಲ್ ಕೆಳಗಿಟ್ಟ. ಹವಾಲ್ದಾರ್ ಸಾಹೇಬರ ಪೆನ್ಶನ್ ಮಾತಿಗೆ ಅಪ್ಪ "ಸರಿಯಾಗಿ ಹೇಳಿದಾನೆ" ಅಂದರು. ರಾಜೀನಾಮೆ ಮಾತಿಗೆ ಏನೂ ಹೇಳಲಿಲ್ಲ.

ಲಾರ್ನಕಾ ರಸ್ತೆ ವಿಷಯ ಮೂರು ಸಲ ಓದಿಸಿದರು. ಆಮೇಲೆ ಒಂದು ಚೀಟಿ ಕೊಟ್ಟು, ಆ ಗ್ರೀಕ್ ಹೆಸರನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿಕೊಂಡರು. ಅದು ಈಗ ಅವರ ಹಳೇ ಮಿಲ್ಟ್ರಿ ಟ್ರಂಕಿನಲ್ಲಿ ಡಿಸ್ಚಾರ್ಜ್ ಬುಕ್ಕಿನ ಜೊತೆ ಇದೆ.

ಲಲಿತಾ ಅವರೇ, ಅಪ್ಪನದು ನಿಮಗೊಂದು ಪ್ರಶ್ನೆ: ಆ ರಸ್ತೆಯಲ್ಲಿ ಏನೇನಿದೆ?

ಲಾರ್ನಕಾ ಲಲಿತಾ · ಮಂಗಳವಾರ, ರಾತ್ರಿ 11:30

ಹೇಳಿ ಅವರಿಗೆ. ಬೇಕರಿ ಇದೆ, ಔಷಧಿ ಅಂಗಡಿ ಇದೆ, ಬೇಕಾದಷ್ಟು ಕಾಫಿ ಅಂಗಡಿ ಇವೆ. ಸಂಜೆ ಹೊತ್ತು ಗಾಡಿ ನಿಲ್ಲಿಸಲು ಜಾಗ ಸಿಗಲ್ಲ.

ಕಾಫಿತೋಟದಾಕೆ · ಬುಧವಾರ, ಬೆಳಗ್ಗೆ 7:15

ಹೇಳಿದೆ. "ಹಾಗಾದ್ರೆ ಮಡಿಕೇರಿ ಥರಾನೇ" ಅಂದರು.